ಅತ್ತಿಗೆಯ ಪತ್ರೊಡೆ, ನನ್ನ ಆ್ಯಡ್ ಬ್ಲಾಕರ್

ಗೌರಿ ಹಬ್ಬಕ್ಕೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋಗಿದ್ದೆ. ಮಳೆ ಬಿಟ್ಟೂ ಬಿಡದ ಹಾಗೆ ಹೊಯ್ಯುತ್ತಿತ್ತು. ಕರೆಂಟು ಬರೋದು, ಹೋಗೋದು. ವರ್ಕ್ ಫ್ರಮ್ ಹೋಮ್ ನೆಪ ಹೇಳಿ ಎರಡು ದಿನ ಹೆಚ್ಚಿಗೇ ಉಳಿದುಕೊಂಡಿದ್ದೆ. ಮಧ್ಯಾಹ್ನ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೆದವನು, ಕೆಲಸ ಮಾಡುವ ಬದಲು ಅತ್ತಿಗೆಯ ಹೊಸ ವಿಡಿಯೋ ಹಾಕಿದೆ. ಮರಗೆಸುವಿನ ಪತ್ರೊಡೆ. ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಹಿಂದೆ ನಿಂತರು. ತಮ್ಮದೇ ದನಿ ಕೇಳಿ ಸ್ವಲ್ಪ ನಾಚಿಕೆ, ಸ್ವಲ್ಪ ಖುಷಿ.

ಅರ್ಧ ವಿಡಿಯೋ ಆಗುವಷ್ಟರಲ್ಲಿ ಅವರ ಮುಖದಲ್ಲಿ ಏನೋ ಅನುಮಾನ. "ಎಂತದು ಮಾರಾಯ, ನಿಂಗೆ ಅಡ್ವರ್ಟೈಸೇ ಬರೂದಿಲ್ವಾ?"

ಹೆಮ್ಮೆಯಿಂದ ಹೇಳಿಬಿಟ್ಟೆ ನೋಡಿ: "ಇಲ್ಲ ಅತ್ತಿಗೆ, ಆ್ಯಡ್ ಬ್ಲಾಕರ್ ಹಾಕಿದೀನಿ. ಎಷ್ಟು ವರ್ಷ ಆಯ್ತು, ನಾನು ಜಾಹೀರಾತನ್ನೇ ನೋಡಿಲ್ಲ."

ಅವರು ಏನೂ ಅನ್ನಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿ ತಂದಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಹಂಗಾರೆ ನೀ ನೋಡಿದ್ರಿಂದ ನಂಗೆ ಎಂತ ಬಂತು?"

ಅವತ್ತಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಈ ವಾರದ ಅಂಕಣ ಅದರದ್ದೇ.

ಮೊದಲು ಅತ್ತಿಗೆಯ ಕತೆ ಹೇಳಬೇಕು. ಚಾನೆಲ್ ಶುರು ಮಾಡಿದಾಗ ಮನೆಯಲ್ಲಿ ಎಲ್ಲರೂ ನಕ್ಕಿದ್ದೆವು, ಅಣ್ಣನೂ ಸೇರಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಆಗಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. (ಶಾರ್ಟ್ಸ್ ಮಾಡುವವರಿಗೆ ಬೇರೆ ಲೆಕ್ಕ ಇದೆ, 90 ದಿನದಲ್ಲಿ 1 ಕೋಟಿ ವೀಕ್ಷಣೆ.) ನಾಲ್ಕು ಸಾವಿರ ಗಂಟೆ ಅಂದರೆ ಎಷ್ಟು ಅಂತ ಒಮ್ಮೆ ಯೋಚಿಸಿ. ಹತ್ತು ನಿಮಿಷದ ವಿಡಿಯೋವನ್ನು 24,000 ಸಲ ಯಾರೋ ಪೂರ್ತಿ ನೋಡಬೇಕು. ಅದೂ ಕಳಲೆ ಪಲ್ಯ, ಅಮಟೆಕಾಯಿ ಗೊಜ್ಜು, ಒಂದೆಲಗದ ತಂಬುಳಿ ತೋರಿಸಿ!

ಆದರೂ ಆಯಿತು. ಖಾತೆಯಲ್ಲಿ 10 ಡಾಲರ್ ಸೇರಿದ ಮೇಲೆ ವಿಳಾಸ ಖಾತ್ರಿಗೆ ಗೂಗಲ್‌ನಿಂದ ಒಂದು ಪಿನ್ ನಂಬರ್ ಅಂಚೆಯಲ್ಲಿ ಬರುತ್ತದೆ. ಹೌದು, ಅಂಚೆಯಲ್ಲೇ, ಕಾಗದದಲ್ಲಿ. ನಮ್ಮೂರಿನ ಪೋಸ್ಟ್‌ಮ್ಯಾನ್ ಮಳೆಯಲ್ಲಿ ತೋಟ ದಾಟಿ ಬಂದು ಅದನ್ನು ಕೊಟ್ಟಾಗ ಅತ್ತಿಗೆ ದೇವರ ಮುಂದೆ ಇಟ್ಟಿದ್ದರಂತೆ. ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ದುಡ್ಡು ಬ್ಯಾಂಕಿಗೆ ಬರುವುದಿಲ್ಲ. ಅದಕ್ಕೆ ಅವರಿಗೆ ತಿಂಗಳುಗಟ್ಟಲೆ ಹಿಡಿಯಿತು. ಬಂದ ಮೊದಲ ದುಡ್ಡಿನಲ್ಲಿ ಅಮ್ಮನಿಗೊಂದು ಸೀರೆ, ತಮಗೊಂದು ಟ್ರೈಪಾಡ್. ಅಲ್ಲಿವರೆಗೆ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಶೂಟ್ ಮಾಡ್ತಿದ್ರು.

ಈಗ ದುಡ್ಡು ಹೇಗೆ ಹರಿಯುತ್ತೆ ನೋಡೋಣ. ನಾವು ಪತ್ರೊಡೆ ಅಂತ ಒತ್ತಿದ ಕ್ಷಣದಲ್ಲಿ, ನಮ್ಮ ಮುಂದೆ ಯಾರ ಜಾಹೀರಾತು ಬರಬೇಕು ಅಂತ ಕಣ್ಣು ಮಿಟುಕಿಸುವುದರೊಳಗೆ ಒಂದು ಹರಾಜು ನಡೆದುಹೋಗುತ್ತೆ. ಗೆದ್ದವನ ಜಾಹೀರಾತು ಬರುತ್ತೆ. ಮಾಮೂಲಿ ಉದ್ದದ ವಿಡಿಯೋ ಆದರೆ ಆ ಆದಾಯದಲ್ಲಿ ಶೇ. 55 ಚಾನೆಲ್‌ನವರಿಗೆ, ಉಳಿದದ್ದು ಕಂಪನಿಗೆ. ಶಾರ್ಟ್ಸ್ ಆದರೆ ವಿಡಿಯೋ ಮಾಡಿದವರಿಗೆ ಶೇ. 45. ಜಾಹೀರಾತೇ ಬರದಿದ್ದರೆ? ಹರಾಜೂ ಇಲ್ಲ, ಪಾಲೂ ಇಲ್ಲ. ವೀಕ್ಷಣೆಯ ಲೆಕ್ಕಕ್ಕೆ ಒಂದು ಸೇರಬಹುದು ಅಷ್ಟೆ. ಅತ್ತಿಗೆಯ ಪ್ರಶ್ನೆಗೆ ನೇರ ಉತ್ತರ: ನಾನು ನೋಡಿದ್ದರಿಂದ ಅವರಿಗೆ ಬಂದದ್ದು ಸೊನ್ನೆ.

"ನಾನು ಸ್ಕಿಪ್ ಮಾಡ್ತೀನಪ್ಪ, ಬ್ಲಾಕ್ ಮಾಡಲ್ಲ" ಅಂತ ನೀವು ಸಮಾಧಾನ ಪಟ್ಟುಕೊಳ್ಳುತ್ತಿದ್ದರೆ ಸ್ವಲ್ಪ ತಾಳಿ. 2010ರ ಕೊನೆಗೆ ಬಂದ ಆ ಸ್ಕಿಪ್ ಬಟನ್‌ನ ಮೂಲ ಒಪ್ಪಂದವೇ ಬೇರೆ. ಐದು ಸೆಕೆಂಡಿಗೆ ನೀವು ಹಾರಿಸಿದರೆ ಜಾಹೀರಾತುದಾರ ದುಡ್ಡು ಕೊಡಬೇಕಿಲ್ಲ. 30 ಸೆಕೆಂಡು, ಅಥವಾ ಅದಕ್ಕಿಂತ ಚಿಕ್ಕದಾದರೆ ಪೂರ್ತಿ ನೋಡಿದರೆ, ಇಲ್ಲಾ ಒತ್ತಿದರೆ ಮಾತ್ರ ಕೊಡಬೇಕು. ಈಗ ಬೇರೆ ಬೇರೆ ಲೆಕ್ಕದ ಜಾಹೀರಾತುಗಳೂ ಇವೆ, ಸ್ಕಿಪ್ ಇಲ್ಲದವೂ ಇವೆ. ಆದರೆ ಈ ಬಗೆಯ ಜಾಹೀರಾತಿನ ಮಟ್ಟಿಗೆ ನಿಮ್ಮ ಹೆಬ್ಬೆರಳೂ ಒಂದು ಸಣ್ಣ ಆ್ಯಡ್ ಬ್ಲಾಕರೇ.

ಹಾಗಂತ ನಾನು ತಪ್ಪೊಪ್ಪಿಗೆ ಬರೆಯುತ್ತಿಲ್ಲ. ನನಗೂ ಹೇಳೋದಿದೆ.

ಬ್ಲಾಕರ್ ಹಾಕಿಕೊಂಡದ್ದು ಬರೀ ತಾಳ್ಮೆ ಇಲ್ಲದ್ದಕ್ಕಲ್ಲ. ಇಂಟರ್ನೆಟ್ ಜಾಹೀರಾತು ಅಂದರೆ ಪೇಪರಿನ ಮೂಲೆಯಲ್ಲಿ ಬರುವ ಸೀರೆ ಅಂಗಡಿಯ ಜಾಹೀರಾತಿನ ಹಾಗಲ್ಲ. ಅದು ನೀವು ಏನು ಹುಡುಕಿದಿರಿ, ಎಲ್ಲಿದ್ದೀರಿ ಅಂತ ಬೆನ್ನು ಹತ್ತಿ ಬರುತ್ತೆ. ಅದರ ವೇಷದಲ್ಲಿ ಮೋಸವೂ ಬರುತ್ತೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಜನರಿಗೆ ಒಂದು ಎಚ್ಚರಿಕೆ ಕೊಟ್ಟಿತು. ವಂಚಕರು ಸರ್ಚ್ ಜಾಹೀರಾತುಗಳಲ್ಲಿ ಹೆಸರಾಂತ ಕಂಪನಿಗಳ ವೇಷ ಹಾಕುತ್ತಿದ್ದಾರೆ, ಹುಡುಕುವಾಗ ಆ್ಯಡ್ ಬ್ಲಾಕರ್ ಬಳಸಿ ಅಂತ ಅದರಲ್ಲಿತ್ತು. ಪೊಲೀಸರೇ ಹೇಳಿದ ಮೇಲೆ ಇನ್ನೇನು! ನಮ್ಮ ಕಡೆಗೆ ಬಂದರೆ, 2023ರಲ್ಲಿ ನಾರಾಯಣಮೂರ್ತಿಯವರೇ ಮುಂದೆ ಬಂದು, ಟ್ರೇಡಿಂಗ್ ಆ್ಯಪ್‌ಗಳನ್ನು ನಾನು ಹೊಗಳುವಂತೆ ಹರಿದಾಡುವ ವಿಡಿಯೋಗಳು ನಕಲಿ, ನಂಬಬೇಡಿ ಅಂತ ಹೇಳಬೇಕಾಯಿತು. ಅಮ್ಮನಂಥವರ ಕೈಯಲ್ಲಿ ಫೋನ್ ಕೊಡುವಾಗ ಇದೆಲ್ಲ ನೆನಪಾಗುತ್ತೆ. ಪರದೆಯ ಮೇಲೆ ಗೊತ್ತಿರುವ ಮುಖ, ಗೊತ್ತಿರುವ ದನಿ. ಅಮ್ಮ ನಂಬದೇ ಇರೋದು ಹೇಗೆ?

ಟಿವಿಗೆ ಈ ದೇಶದಲ್ಲಿ ಒಂದು ನಿಯಮ ಇದೆ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದು, ಅದರಲ್ಲೂ 2 ನಿಮಿಷ ಚಾನೆಲ್ಲಿನ ಸ್ವಂತ ಪ್ರಚಾರಕ್ಕೆ. ಪಾಲನೆ ಹೇಗಿದೆ ಅನ್ನೋದು ಸೀರಿಯಲ್ ನೋಡುವ ಅಮ್ಮನಿಗೇ ಗೊತ್ತು, ಆದರೆ ಕಾಗದದ ಮೇಲಾದರೂ ಒಂದು ಗೆರೆ ಇದೆ. ಕೇಬಲ್ ಟಿವಿಗೆ ಬರೆದ ಆ ಗೆರೆ ಯೂಟ್ಯೂಬ್‌ಗೆ ಅನ್ವಯಿಸಲ್ಲ. ಎಷ್ಟು ತೋರಿಸಬೇಕು ಅನ್ನೋದನ್ನು ತೋರಿಸುವವರೇ ತೀರ್ಮಾನ ಮಾಡ್ತಾರೆ.

ಬ್ಲಾಕರ್‌ನ ಹುಟ್ಟೂ ಸ್ವಾರಸ್ಯದ್ದೇ. 2002ರಲ್ಲಿ ಡೆನ್ಮಾರ್ಕಿನ ಒಬ್ಬ ವಿದ್ಯಾರ್ಥಿ, ಹೆನ್ರಿಕ್ ಸೋರೆನ್‌ಸೆನ್, ಮೊದಲ ಆ್ಯಡ್‌ಬ್ಲಾಕ್ ಬರೆದ. ನಾಲ್ಕು ವರ್ಷದ ನಂತರ ವ್ಲಾಡಿಮಿರ್ ಪಲಾಂಟ್ ಆ್ಯಡ್‌ಬ್ಲಾಕ್ ಪ್ಲಸ್ ತಂದ. ಮುಂದೆ ಅದರ ಸುತ್ತ ಐಯೋ ಎಂಬ ಜರ್ಮನ್ ಕಂಪನಿ ಬೆಳೆಯಿತು. ಆ ಕಂಪನಿ 2011ರಲ್ಲಿ ಒಂದು ಹೊಸ ದಾರಿ ಹಿಡಿಯಿತು: ಕಿರಿಕಿರಿ ಮಾಡದ ಜಾಹೀರಾತುಗಳನ್ನು ಒಳಗೆ ಬಿಡುತ್ತೇವೆ, ಆದರೆ ದೊಡ್ಡ ಕಂಪನಿಗಳು ಅದಕ್ಕೆ ಶುಲ್ಕ ಕೊಡಬೇಕು. ತಡೆಯೋದಕ್ಕೂ ನಾನೇ, ಬಿಡೋದಕ್ಕೂ ನಾನೇ. ನಮ್ಮೂರ ಭಾಷೆಯಲ್ಲಿ ಗೇಟ್ ಹಾಕಿ ಟೋಲ್ ಎತ್ತೋದು. ಪತ್ರಿಕೆಗಳವರು ಇದನ್ನು ಸುಲಿಗೆ ಅಂತ ಕರೆದು ಕೋರ್ಟಿಗೆ ಹೋದರು. ಜರ್ಮನಿಯ ದೊಡ್ಡ ಪ್ರಕಾಶನ ಸಂಸ್ಥೆ ಆಕ್ಸೆಲ್ ಸ್ಪ್ರಿಂಗರ್ ಹೂಡಿದ ಮೊಕದ್ದಮೆ ಅಲ್ಲಿನ ಫೆಡರಲ್ ಕೋರ್ಟ್ ತನಕ ಹೋಯಿತು. 2018ರಲ್ಲಿ ಬಂದ ತೀರ್ಪು: ಆ್ಯಡ್ ಬ್ಲಾಕರ್ ಅನ್ಯಾಯದ ಪೈಪೋಟಿ ಅಲ್ಲ. ಸ್ಪ್ರಿಂಗರ್ ಬಿಡಲಿಲ್ಲ. ವೆಬ್‌ಸೈಟ್‌ನ ಕೋಡನ್ನೇ ಬದಲಿಸುತ್ತಾರೆ, ಇದು ಕೃತಿಸ್ವಾಮ್ಯದ ಉಲ್ಲಂಘನೆ ಅಂತ ಇನ್ನೊಂದು ಬಾಗಿಲು ತಟ್ಟಿತು. 2025ರ ಜುಲೈನಲ್ಲಿ ಅದೇ ಫೆಡರಲ್ ಕೋರ್ಟ್, ಈ ಅಂಶವನ್ನು ಸರಿಯಾಗಿ ನೋಡಿ ಅಂತ ಕೇಸನ್ನು ಹ್ಯಾಂಬರ್ಗ್‌ನ ಕೋರ್ಟಿಗೆ ವಾಪಸ್ ಕಳಿಸಿತು.

ನಾನು ಬಳಸೋದು ಮಾತ್ರ ಯೂಬ್ಲಾಕ್ ಒರಿಜಿನ್. ಅದನ್ನು ಬರೆದ ರೇಮಂಡ್ ಹಿಲ್ ಯಾರಿಂದಲೂ ದೇಣಿಗೆ ಕೂಡ ತೆಗೆದುಕೊಳ್ಳಲ್ಲ. ಯಾವ ಜಾಹೀರಾತನ್ನು ತಡೆಯಬೇಕು ಎಂಬ ಪಟ್ಟಿಗಳನ್ನು ಜಗತ್ತಿನ ಎಲ್ಲೆಲ್ಲೋ ಕೂತ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಇಂಥವರನ್ನು ಕಳ್ಳರು ಅನ್ನೋಕೆ ನನಗೆ ಬಾಯಿ ಬರಲ್ಲ.

ಯೂಟ್ಯೂಬ್ ಎಷ್ಟೋ ವರ್ಷ ಇದನ್ನೆಲ್ಲ ನೋಡಿಯೂ ನೋಡದ ಹಾಗಿತ್ತು. 2023ರಲ್ಲಿ ಪಟ್ಟು ಬಿಗಿಯಾಯಿತು. ಬ್ಲಾಕರ್ ಇದ್ದವರ ಪರದೆ ಮೇಲೆ ಒಂದು ಚೌಕ: ಇಲ್ಲಿ ಆ್ಯಡ್ ಬ್ಲಾಕರ್‌ಗೆ ಅವಕಾಶ ಇಲ್ಲ, ಒಂದೋ ತೆಗೆಯಿರಿ, ಇಲ್ಲವೇ ಪ್ರೀಮಿಯಂ ತಗೊಳ್ಳಿ. ಕೆಲವರಿಗೆ ಇನ್ನೂ ಮೂರು ವಿಡಿಯೋ ಆದ ಮೇಲೆ ಪ್ಲೇಯರ್ ಬಂದ್ ಅಂತ ಎಚ್ಚರಿಕೆ. ಮೊದಲು ಪ್ರಯೋಗ ಅಂದರು, ಆ ವರ್ಷದ ಕೊನೆಗೆ ಜಗತ್ತಿಗೆಲ್ಲ ಹಬ್ಬಿಸಿದರು. ಆಮೇಲೆ ನಡೆದದ್ದು ಬೆಕ್ಕು ಇಲಿ ಆಟ. ಬೆಳಿಗ್ಗೆ ಅವರು ಕೋಡ್ ಬದಲಿಸೋದು, ಸಂಜೆ ಇವರು ಪಟ್ಟಿ ಬದಲಿಸೋದು. ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ಕಾಫಿ ಬ್ರೇಕ್‌ನಲ್ಲಿ ಕೇಳ್ತಿದ್ದದ್ದೇ "ಇವತ್ತು ಯಾರು ಗೆದ್ರು?" ಅಂತ.

ಯೂಟ್ಯೂಬ್ ಜಾಹೀರಾತನ್ನು ತಡೆಯೋದು ಯಾಕೆ ಕಷ್ಟ ಅಂದರೆ, ಬೇರೆ ವೆಬ್‌ಸೈಟುಗಳಲ್ಲಿ ಜಾಹೀರಾತು ಹೆಚ್ಚಾಗಿ ಹೊರಗಿನ ವಿಳಾಸದಿಂದ ಬರುತ್ತೆ; ಆ ವಿಳಾಸ ಮುಚ್ಚಿದರೆ ಆಯಿತು. ಇಲ್ಲಿ ವಿಡಿಯೋ ಬರುವ ಮನೆಯಿಂದಲೇ ಜಾಹೀರಾತೂ ಬರುತ್ತೆ. ಬಾಗಿಲು ಮುಚ್ಚಿದರೆ ಎರಡೂ ಹೊರಗೆ. 2024ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜಾಹೀರಾತನ್ನು ಸರ್ವರ್‌ನಲ್ಲೇ ವಿಡಿಯೋದ ಜೊತೆ ಹೊಲಿದು ಕಳಿಸುವ ಪ್ರಯೋಗವೂ ನಡೆಯಿತು. ಹಿಟ್ಟಿಗೆ ಉಪ್ಪು ಬೆರೆಸಿದ ಮೇಲೆ ಉಪ್ಪು ಆರಿಸೋದು ಹೇಗೆ?

ನನಗೆ ಸಿಟ್ಟು ಬರೋದು ಇಲ್ಲಲ್ಲ, ಬ್ರೌಸರ್ ವಿಷಯದಲ್ಲಿ. ವಿಡಿಯೋ ತಾಣವೂ ಗೂಗಲ್‌ನದ್ದು, ಜಾಹೀರಾತಿನ ಹರಾಜೂ ಗೂಗಲ್‌ನದ್ದು, ನಮ್ಮಲ್ಲಿ ಬಹುಪಾಲು ಜನ ಬಳಸುವ ಕ್ರೋಮ್ ಕೂಡ ಅವರದ್ದೇ. ಕ್ರೋಮ್‌ನ ಎಕ್ಸ್‌ಟೆನ್ಶನ್ ನಿಯಮಗಳನ್ನು 2024ರಿಂದ ಹಂತಹಂತವಾಗಿ ಬದಲಿಸಿದರು. ಸುರಕ್ಷತೆಗೆ, ವೇಗಕ್ಕೆ ಅಂತ ಕಾರಣ ಕೊಟ್ಟರು. ಅದರಲ್ಲಿ ಸುಳ್ಳಿಲ್ಲ, ನಾವು ನೋಡುವ ಪ್ರತಿ ಪುಟವನ್ನೂ ಓದಬಲ್ಲ ಎಕ್ಸ್‌ಟೆನ್ಶನ್ ದುಷ್ಟರ ಕೈಗೆ ಸಿಕ್ಕರೆ ಅಪಾಯವೇ. ಆದರೆ ಅದೇ ಏಟಿಗೆ ಯೂಬ್ಲಾಕ್ ಒರಿಜಿನ್ ಕ್ರೋಮ್‌ನಲ್ಲಿ ನಿಂತುಹೋಯಿತು, ಶಕ್ತಿ ಕಡಿಮೆಯಾದ ಲೈಟ್ ಆವೃತ್ತಿ ಉಳಿಯಿತು. ಫೈರ್‌ಫಾಕ್ಸ್‌ನಲ್ಲಿ ಹಳೆಯದು ಇನ್ನೂ ನಡೆಯುತ್ತೆ, ಅದಕ್ಕೇ ನಾನು ಅಲ್ಲಿಗೆ ಹೋದದ್ದು. ಅಂಗಡಿಯವನೇ ರಸ್ತೆಯನ್ನೂ ಹಾಕಿಸಿದ್ದರೆ, ರಸ್ತೆ ತಿರುವು ಅಂಗಡಿ ಕಡೆಗೇ ಇದ್ದಾಗ ಅನುಮಾನ ಬರೋದು ಸಹಜ ಅಲ್ವಾ?

ನೀವು ಇದನ್ನು ಫೋನಿನಲ್ಲಿ ಓದುತ್ತಿದ್ದೀರಿ. ನಿಮ್ಮಲ್ಲಿ ಹೆಚ್ಚಿನವರು ಯೂಟ್ಯೂಬ್ ನೋಡೋದೂ ಆ್ಯಪ್‌ನಲ್ಲೇ. ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಆಟ ಅಲ್ಲಿ ನಡೆಯಲ್ಲ. ಹಾಗಾಗಿ ಕೆಲವರು ಮಾರ್ಪಡಿಸಿದ ಆ್ಯಪ್‌ಗಳ ಹಿಂದೆ ಹೋಗ್ತಾರೆ. ವ್ಯಾನ್ಸ್ಡ್ ಅಂತ ಒಂದು ಬಹಳ ಹೆಸರು ಮಾಡಿತ್ತು, ಗೂಗಲ್ ಕಾನೂನು ನೋಟಿಸ್ ಕೊಟ್ಟ ಮೇಲೆ 2022ರಲ್ಲಿ ಬಾಗಿಲು ಹಾಕಿತು. ನಮ್ಮ ಚಿಕ್ಕಪ್ಪನ ಮಗ ಅಂಥದ್ದೇ ಏನೋ ಸಿಗುತ್ತೆ ಅಂತ ಯಾವುದೋ ಸೈಟಿನಿಂದ ಇಳಿಸಿಕೊಂಡ. ಅದು ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಇವನು ಕೊಟ್ಟ. ಪುಣ್ಯಕ್ಕೆ ರಾತ್ರಿ ವಿಚಿತ್ರ ಒಟಿಪಿಗಳು ಬರಲು ಶುರುವಾದಾಗ ನನಗೆ ಫೋನ್ ಮಾಡಿದ. ಫೋನ್ ರೀಸೆಟ್ ಮಾಡಿ, ಪಾಸ್‌ವರ್ಡ್ ಎಲ್ಲ ಬದಲಿಸುವ ಹೊತ್ತಿಗೆ ಬೆಳಗಿನ ಜಾವ ಮೂರು. ಜಾಹೀರಾತು ತಪ್ಪಿಸಲು ಹೋಗಿ ಬ್ಯಾಂಕ್ ಖಾತೆಯ ಕೀಲಿಯನ್ನೇ ಕೊಡಬೇಡಿ ದಯವಿಟ್ಟು.

ಸರಿಯಾದ ದಾರಿ ಇದ್ಯಲ್ಲ, ದುಡ್ಡು ಕೊಡಿ ಅಂತೀರಾ. ಇದೆ. ಭಾರತಕ್ಕೆ ಪ್ರೀಮಿಯಂ ಬಂದದ್ದು 2019ರಲ್ಲಿ, ಆಗ ತಿಂಗಳಿಗೆ 129 ರೂಪಾಯಿ. 2024ರ ಆಗಸ್ಟ್‌ನಲ್ಲಿ 149 ಆಯಿತು. ಫ್ಯಾಮಿಲಿ ಪ್ಲಾನ್ ಮಾತ್ರ 189ರಿಂದ ಒಂದೇ ಜಿಗಿತಕ್ಕೆ 299. ಕಳೆದ ವರ್ಷ, 2025ರಲ್ಲಿ, 89 ರೂಪಾಯಿಯ ಲೈಟ್ ಅಂತ ಒಂದು ಬಂತು. ಅದರಲ್ಲಿ ಹಾಡು, ಶಾರ್ಟ್ಸ್, ಹುಡುಕಾಟದ ಜಾಗದಲ್ಲಿ ಜಾಹೀರಾತು ಇದ್ದೇ ಇರುತ್ತೆ. ಪ್ರೀಮಿಯಂ ಸದಸ್ಯರು ಯಾರನ್ನು ಎಷ್ಟು ಹೊತ್ತು ನೋಡಿದರು ಎಂಬ ಲೆಕ್ಕದಲ್ಲಿ ಆ ದುಡ್ಡಿನಲ್ಲಿ ಚಾನೆಲ್‌ನವರಿಗೂ ಪಾಲು ಹೋಗುತ್ತೆ. ಅಂದರೆ ಜಾಹೀರಾತು ನೋಡದೆಯೂ ಅತ್ತಿಗೆಗೆ ನಾಲ್ಕು ಕಾಸು ಸೇರಿಸುವ ದಾರಿ ಇದೊಂದು. ಬೆಂಗಳೂರಿನ ಎರಡು ಫಿಲ್ಟರ್ ಕಾಫಿ ಬೆಲೆ ಅಂತ ನಾವು ಹೇಳಬಹುದು. ನಮ್ಮೂರಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಇದೇ ಯೂಟ್ಯೂಬ್ ಕೇಳ್ತಾರೆ. ಅವರಿಗೆ ಆ ಮಾತು ಹೇಳೋಕಾಗಲ್ಲ. ಅವರ ಪಾಲಿನ ಬಿಲ್ಲನ್ನು ಈಗ ಕಟ್ಟುತ್ತಿರೋದು ಜಾಹೀರಾತೇ. ಬ್ಲಾಕರ್ ಹಾಕಿಕೊಳ್ಳುವಷ್ಟು ತಿಳಿದವರು, ಹೆಚ್ಚಾಗಿ 149 ಕೊಡಬಲ್ಲವರು, ನಾವು. ಇದು ನನ್ನನ್ನು ಚುಚ್ಚಿದ ಮಾತು.

ಕಂಪನಿಯ ಕಷ್ಟಕ್ಕೆ ಮಾತ್ರ ನನಗೆ ಕಣ್ಣೀರು ಬರಲ್ಲ. 2024ರಲ್ಲಿ ಯೂಟ್ಯೂಬ್‌ನ ಜಾಹೀರಾತು ಆದಾಯ ಸುಮಾರು 3,600 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 3 ಲಕ್ಷ ಕೋಟಿ ರೂಪಾಯಿ. "ಕ್ರಿಯೇಟರ್‌ಗಳಿಗಾಗಿ" ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಪಾಲುದಾರರಾಗದ ಸಣ್ಣ ಚಾನೆಲ್‌ಗಳ ಮೇಲೂ ಜಾಹೀರಾತು ಹಾಕುವ ಹಕ್ಕನ್ನು ಅವರು 2020ರಲ್ಲಿ ನಿಯಮ ಬದಲಿಸಿ ಪಡೆದರು, ಅದರಲ್ಲಿ ಆ ಚಾನೆಲ್‌ಗೆ ಪೈಸೆ ಇಲ್ಲ. ಅತ್ತಿಗೆ ಸಾವಿರ ಸಬ್‌ಸ್ಕ್ರೈಬರ್‌ಗೆ ಕಾಯುತ್ತಿದ್ದ ದಿನಗಳಲ್ಲಿ ಅವರ ತಂಬುಳಿಯ ಮುಂದೆ ಬಂದ ಜಾಹೀರಾತೆಲ್ಲ ಕಂಪನಿಗೇ ಸೇರಿದ್ದು. ಹಾಗೆಂದು ದುಡ್ಡು ಕೊಟ್ಟೇ ಇಲ್ಲ ಅನ್ನೋಕೂ ಆಗಲ್ಲ. ಭಾರತದ ಕ್ರಿಯೇಟರ್‌ಗಳು, ಕಲಾವಿದರು, ಮಾಧ್ಯಮ ಸಂಸ್ಥೆಗಳಿಗೆ ಮೂರು ವರ್ಷದಲ್ಲಿ 21,000 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟಿದ್ದೇವೆ ಅಂತ ಅದರ ಮುಖ್ಯಸ್ಥ ನೀಲ್ ಮೋಹನ್ 2025ರ ಮೇನಲ್ಲಿ ಮುಂಬೈಯಲ್ಲಿ ಹೇಳಿದರು. ಅದರಲ್ಲಿ ಒಂದು ಚೂರು ನಮ್ಮಮ್ಮನ ಸೀರೆ.

ಜಾಹೀರಾತು ವಿಡಿಯೋದ ಆಕಾರವನ್ನೂ ಬದಲಿಸುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಅತ್ತಿಗೆಯಿಂದಲೇ. ವಿಡಿಯೋ 8 ನಿಮಿಷ ದಾಟಿದರೆ ಮಧ್ಯದಲ್ಲೂ ಜಾಹೀರಾತು ಹಾಕಬಹುದು. 2020ರವರೆಗೆ ಈ ಮಿತಿ 10 ನಿಮಿಷ ಇತ್ತು. ಮೊದಮೊದಲು ಅವರ ವಿಡಿಯೋ ಐದಾರು ನಿಮಿಷಕ್ಕೆ ಮುಗೀತಿತ್ತು. ಈಗ ಪತ್ರೊಡೆ ಮಾಡುವ ಮೊದಲು ಮರಗೆಸು ಯಾವ ಮರದ ಮೇಲೆ ಬೆಳೆಯುತ್ತೆ, ಅವರ ಅಜ್ಜಿ ಅದನ್ನು ಹೇಗೆ ಕೊಯ್ತಿದ್ರು, ಹುಳಿ ಕಡಿಮೆ ಹಾಕಿದರೆ ಗಂಟಲು ಹೇಗೆ ತುರಿಸುತ್ತೆ ಅಂತೆಲ್ಲ ಹೇಳ್ತಾರೆ. "ಎಂಟು ನಿಮಿಷ ಮಾಡ್ಬೇಕಲ್ಲ ಮಾರಾಯ" ಅಂದರು, ಸಂಕೋಚವಿಲ್ಲದೆ. ತಮಾಷೆ ಅಂದರೆ, ಜನ ಕಾಮೆಂಟ್ ಹಾಕೋದು ಆ ಅಜ್ಜಿ ಕತೆಗೇ. ಅಮೆರಿಕದಲ್ಲಿರುವ ಮಲೆನಾಡಿನವರು ಉದ್ದುದ್ದ ಬರೀತಾರೆ. ಅಲ್ಲಿನವರು ನೋಡಿದರೆ ದುಡ್ಡೂ ಹೆಚ್ಚು ಬರುತ್ತೆ, ಅಲ್ಲಿನ ಜಾಹೀರಾತಿನ ಹರಾಜಿನ ದರ ನಮ್ಮಲ್ಲಿಗಿಂತ ಜಾಸ್ತಿ. ಹಾಗಾಗಿ ನ್ಯೂಜೆರ್ಸಿಯಲ್ಲಿ ಯಾರಾದರೂ ಕಳಲೆ ನೆನೆದು ಕಣ್ಣೀರಿಟ್ಟರೆ ತೀರ್ಥಹಳ್ಳಿಯಲ್ಲಿ ಅತ್ತಿಗೆಗೆ ಒಳ್ಳೆಯದು!

ಅವತ್ತು ಸಂಜೆ ಕರೆಂಟು ಬಂದ ಮೇಲೆ ನಾವಿಬ್ಬರೂ ಕೂತು ಒಂದು ಕೆಲಸ ಮಾಡಿದೆವು. ತಮ್ಮ ಚಾನೆಲ್ ಮೇಲೆ ಯಾವ ಬಗೆಯ ಜಾಹೀರಾತು ಬೇಡ ಅಂತ ಚಾನೆಲ್‌ನವರೇ ಆ್ಯಡ್‌ಸೆನ್ಸ್ ಖಾತೆಯಲ್ಲಿ ಗುರುತು ಹಾಕಬಹುದು. ಇದು ಅತ್ತಿಗೆಗೆ ಗೊತ್ತಿರಲಿಲ್ಲ, ನನಗೂ ಅವತ್ತೇ ಗೊತ್ತಾಗಿದ್ದು. ಒಂದೊಂದೇ ವಿಭಾಗ ಓದಿ ಹೇಳಿದೆ. ದಿಢೀರ್ ದುಡ್ಡು ಮಾಡುವಂಥದ್ದು? "ಬ್ಯಾಡ." ಡೇಟಿಂಗ್? "ಅಯ್ಯೋ, ಅಮ್ಮ ನೋಡ್ತಾರೆ, ಬ್ಯಾಡ ಬ್ಯಾಡ." ತೂಕ ಇಳಿಸೋದು? ಸ್ವಲ್ಪ ಯೋಚನೆ ಮಾಡಿದರು. "ಪತ್ರೊಡೆ ತಿನ್ನೂಕೆ ಬಂದೋರಿಗೆ ಎಂತಕ್ಕೆ ಅದು? ಬ್ಯಾಡ." ಹೀಗೆ ಮಾಡಿದರೆ ಹರಾಜಿಗೆ ಬರುವವರು ಕಡಿಮೆ ಆಗಿ ಆದಾಯ ಸ್ವಲ್ಪ ಇಳಿಯಬಹುದು ಅಂತ ಎಚ್ಚರಿಸಿದೆ. "ಇಳೀಲಿ" ಅಂದರು.

ಇನ್ನು ನನ್ನ ವಿಷಯ. ಬ್ಲಾಕರ್ ತೆಗೆದಿಲ್ಲ. ತೆಗೆಯೋದೂ ಇಲ್ಲ, ಉಳಿದ ಇಂಟರ್ನೆಟ್‌ನಲ್ಲಿ ಅದಿಲ್ಲದೆ ಓಡಾಡೋದು ಮಳೆಗಾಲದಲ್ಲಿ ಉಂಬಳ ಇರುವ ಕಾಡಿಗೆ ಬರಿಗಾಲಲ್ಲಿ ಹೋದ ಹಾಗೆ. ಆದರೆ ಒಂದೊಂದು ಸೈಟಿಗೆ ಅದನ್ನು ಆರಿಸುವ ಬಟನ್ ಇದೆಯಲ್ಲ, ಯೂಟ್ಯೂಬ್‌ಗೆ ಅದನ್ನು ಒತ್ತಿದ್ದೇನೆ. ಪ್ರೀಮಿಯಂ ತಗೊಳ್ಳೋದೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ನಡೀತಿದೆ. ಹೆಂಡತಿಯ ವಾದ ಸರಳ: ಒಟಿಟಿಗಳಿಗೆ ಈಗಾಗಲೇ ಎಷ್ಟು ಕಟ್ಟುತ್ತಿದ್ದೇವೆ, ಅದರಲ್ಲಿ ನೋಡದೇ ಇರೋದನ್ನು ಮೊದಲು ನಿಲ್ಲಿಸು.

ಬೆಂಗಳೂರಿಗೆ ವಾಪಸ್ ಬಂದ ವಾರ, ರಾತ್ರಿ ಊಟ ಮಾಡುತ್ತಾ ಅತ್ತಿಗೆಯ ವಿಡಿಯೋ ಹಾಕಿದೆ. ವರ್ಷಗಳ ಮೇಲೆ ಮೊದಲ ಜಾಹೀರಾತು. ಮಿಕ್ಸಿಯದ್ದು. ಸ್ಕಿಪ್ ಮಾಡದೆ ಪೂರ್ತಿ ನೋಡಿದೆ, ಅಷ್ಟೇ ಅಲ್ಲ, ಉಪಕಾರ ಆಗಲಿ ಅಂತ ಅದನ್ನು ಒತ್ತಿಯೂ ಬಿಟ್ಟೆ. ಮಧ್ಯದಲ್ಲಿ ಇನ್ನೊಂದು ಬಂತು, ಅದನ್ನೂ ಒತ್ತಿದೆ. ಆಮೇಲೆ ಬೀಗುತ್ತಾ ಅತ್ತಿಗೆಗೆ ವಾಟ್ಸ್ಆ್ಯಪ್ ಮಾಡಿದೆ: "ನಿಮ್ಮ ವಿಡಿಯೋದ ಎರಡು ಆ್ಯಡ್ ಕ್ಲಿಕ್ ಮಾಡಿದೀನಿ. ದಿನಾ ಮಾಡ್ತೀನಿ. ಅಣ್ಣಂಗೂ ಹೇಳಿ."

ಒಂದು ನಿಮಿಷಕ್ಕೆ ಫೋನ್ ಬಂತು. ಹಲೋ ಕೂಡ ಇಲ್ಲ.

"ಮಾರಾಯ, ನಿಂಗೆ ತಲೆ ಕೆಟ್ಟಿದ್ಯಾ? ಮನೆಯವ್ರು, ನೆಂಟ್ರು ಹಂಗೆಲ್ಲ ಬೇಕಂತ ಒತ್ಬಾರ್ದು. ಅವ್ರಿಗೆ ಗೊತ್ತಾದ್ರೆ ನನ್ನ ಖಾತೆಯನ್ನೇ ಬಂದ್ ಮಾಡ್ತಾರೆ! ಸುಮ್ನೆ ನೋಡು. ನೋಡಿ ಪತ್ರೊಡೆ ಮಾಡು. ಕೆಸು ಸಿಗದಿದ್ರೆ ಹೇಳು, ನಾಳಿನ ಬಸ್ಸಿಗೆ ಹಾಕಿ ಕಳಿಸ್ತೆ."